ಕೂತಲ್ಲೇ ಇರುವ ಮೌಸ್

ನನ್ನ ಗಂಡನ ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ ಮಹಡಿ ಮೇಲಿನ ಕಂಪ್ಯೂಟರ್ ಅಂಗಡಿಯ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಮನೆಗಳ ನಕ್ಷೆ ಬರೆಯುವ ಮುದುಕರೊಬ್ಬರು. ಅವರ ನಡುಗುವ ಕೈ ಹಿಡಿದು ಹೆಂಡತಿ.

“ರೀ, ಈ ಮೌಸ್ ಸರಿಸೋದೇ ಬೇಡವಂತೆ. ಮೇಲಿನ ಚೆಂಡು ಉರುಳಿಸಿದ್ರೆ ಸಾಕಂತೆ.”

“ನಿನ್ನ ಹಾಗೇ ಬಿಡು. ಕೂತಲ್ಲೇ ಮನೆಯೆಲ್ಲ ಕುಣಿಸುತ್ತೆ.”

“ಇದೂ ಆಗದಿದ್ರೆ ಮೊಮ್ಮಗಳ ಮನೆ ನಕ್ಷೆ ಬೇರೆಯವರ ಪಾಲು. ಗೆರೆ ಎಳೀರಿ, ಕೈ ಬಿಡ್ತೀನಿ.”

ಅವರು ಚೆಂಡು ಉರುಳಿಸಿದರು. ಅಂಗಡಿಯ ಪರದೆಯ ಮೇಲೆ ಗೆರೆ ನೆಟ್ಟಗೆ ಮೂಡಿತು.

“ನೋಡೇ, ಒಂದಿಷ್ಟೂ ಸೊಟ್ಟಗಿಲ್ಲ. ನಕ್ಷೆ ನಾನೇ ಮುಗಿಸ್ತೀನಿ.”

“ಸರಿ, ಇನ್ನು ನನ್ನ ಕೈ ಬೇಕಿಲ್ಲ ನಿಮಗೆ.”

“ಗೆರೆಗೆ ಬೇಡ ಕಣೇ. ಮೆಟ್ಟಿಲಿಗೆ ಬೇಕು.”

ಇಬ್ಬರೂ ನಗುತ್ತ ಇಳಿದು ಹೋದರು. ನನ್ನ ಗಂಡ ಇಲ್ಲಿಂದ ಬಾಡಿಗೆಗೆ ತಂದಿದ್ದ ಕೀಬೋರ್ಡನ್ನು ವಾಪಸು ಕೊಡಲು ಮೇಜಿನ ಮೇಲಿಟ್ಟೆ.