ಬರ್ತೀನಿ ಅಂದವಳು

ನೆನೆಸಿದ ಅವರೆಕಾಳು ಹಿತುಕುತ್ತಿದ್ದ ಶಶಿರೇಖಾ, ಗೋಡೆಗೆ ಒರಗಿಸಿದ್ದ ಇ-ರೀಡರ್‌ನ ಪುಟವನ್ನು ಬೆರಳ ಗೆಣ್ಣಿನಿಂದ ಸರಿಸಿದಳು. ಅದು ಆಶಾರಾಣಿಯದು. ಸೂಲಿಬೆಲೆಯ ಡೇರಿಯಲ್ಲಿ ಹಾಲಿನ ವ್ಯಾನಿಗೆ ಕಾಯುತ್ತಾ ಗೆಳತಿಯರಿಬ್ಬರೂ ಈ ದೆವ್ವದ ಚಿತ್ರಕಾದಂಬರಿಯನ್ನು ಅರ್ಧದವರೆಗೆ ಓದಿದ್ದರು. ಹೋದ ವಾರ ಆಶಾರಾಣಿ ಜ್ವರದಲ್ಲಿ ತೀರಿಕೊಂಡಳು. ಉಳಿದರ್ಧವನ್ನು ಇವಳೊಬ್ಬಳೇ ಓದುತ್ತಿದ್ದಳು.

ಹೊರಗೆ ಸಂಜೆಯ ಜಡಿಮಳೆ. ಎದುರಿಗೆ ಕಾಳು ಹಿತುಕುತ್ತಿದ್ದ ಅತ್ತೆ ಬೈರಮ್ಮ ಪುಟದ ಚಿತ್ರವನ್ನು ಬಗ್ಗಿ ನೋಡಿದರು.

"ಆ ಹೆಂಗ್ಸು ಹಿಂದಿನ ಹಾಳೇಲೇ ಬಾಗ್ಲು ದಾಟಿ ಹೋದ್ಲಲ್ಲೇ. ಇಲ್ಲೂ ಮಸಮಸ ಕಾಣ್ತಾವಳೆ?"

"ಈ ಸ್ಕ್ರೀನೇ ಹಂಗೆ ಅಜ್ಜಿ, ಹಿಂದಿನ ಪುಟದ ನೆರಳು ಉಳ್ಕೊಳ್ತದೆ," ಎಂದಳು ಶಶಿರೇಖಾಳ ಮಗಳು ಸಿಂಚನ. "ನೀನು ಕನ್ನಡಕ ಹಾಕ್ಕೊಂಡ್ರೆ ಇನ್ನೂ ನಾಕು ಜನ ಕಾಣ್ತಾರೆ."

ಬೈರಮ್ಮ ನಗಲಿಲ್ಲ. "ಶಶಿ, ಆಶಾರಾಣಿ ಮನೆಯಿಂದ ಹೊರಡ್ವಾಗ ಏನಂದೆ?"

"ಬರ್ತೀನಿ ಅಂದೆ. ಬಾಯಿಗೆ ಬಂದ್ಬಿಡ್ತು, ಅತ್ತೆ."

"ಸಾವಿನ್ ಮನೇಲಿ ಅಂಗನ್ನಬಾರ್ದು ಕಣವ್ವ… ಕೇಳ್ರಿ ಇಬ್ರೂ. ಬೂದಿಗೆರೇಲಿ ನಮ್ ಸೊಣ್ಣಮ್ಮ ಇದ್ಲು. ಜೊತೆಗಾತಿ ದ್ಯಾವಮ್ಮ ಹೋಗ್ಬಿಟ್ಲು ಅಂತ ಓಡ್ದವಳು, ಅತ್ತು ಕರೆದು, ಎದ್ದು ಬರ್ವಾಗ ನಿನ್ನಂಗೇ 'ಬರ್ತೀನಿ' ಅಂದ್ಲು… ಒಳಗಿಂದ 'ನಡಿ, ನಾನೂ ಬಂದೆ' ಅಂತ ಕೇಳಿಸ್ತು. ತಿರುಗಿ ನೋಡಿದ್ರೆ ಯಾರವ್ರೆ? ಅವತ್ತಿಂದ ಸೊಣ್ಣಮ್ಮ ರಾಗಿ ಬೀಸೋಕೆ ಕೂತ್ರೆ ಕಲ್ಲು ಹೂವಿನಂಗೆ ತಿರುಗ್ತಿತ್ತು, ಗೂಟದ ಮೇಲೆ ಇನ್ನೊಂದು ಕೈ ಇದ್ದಂಗೆ. ಮನೆಯೋರು ಇಣುಕಿದ್ರೆ ಕೂತಿರೋಳು ಒಬ್ಳು, ಹಾಡು ಮಾತ್ರ ಇಬ್ರದು… ಏನನ್ನೋಣ? ಸೊಣ್ಣಮ್ಮನೂ ಹೋಗಿ ವರ್ಷಗಳಾದ್ವು. ಮೊಮ್ಮಗ ಮಿಕ್ಸಿ ತಂದ, ಆ ಕಲ್ಲು ಮಾತ್ರ ಎತ್ತಿ ಹೊರಗೆ ಹಾಕಿಲ್ಲ. ಯಾಕೇಳು? ಈಗ್ಲೂ ಬೆಳಿಗ್ಗೆ ಎದ್ದು ಮುಟ್ಟಿದ್ರೆ ಬೆಚ್ಚಗಿರ್ತದೆ."

ಸಿಂಚನ ಇ-ರೀಡರನ್ನು ಮಗುಚಿಟ್ಟಳು.

"ಆಶಾರಾಣಿ ತಿಥಿ ಮುಗ್ಸಿ ಹೊಸ್ಲು ದಾಟ್ವಾಗ 'ಹೋಗ್ತೀನಿ' ಅಂದ್ಬಿಡು. ಅಲ್ಲಿಗೆ ಮುಗೀತದೆ," ಎಂದರು ಬೈರಮ್ಮ.

"ಹೂಂ ಅತ್ತೆ."

ಆದರೆ ಮುಗಿಯಬೇಕೆಂದು ಯಾರು ಕೇಳಿದ್ದರು? ಅಡುಗೆಮನೆ, ಕೊಟ್ಟಿಗೆ, ಡೇರಿಗಳ ನಡುವೆ ಅವಳ ಹೆದರಿಕೆಗೂ ನಗುವಿಗೂ ಜೊತೆಯಾಗಿದ್ದವಳು ಆಶಾರಾಣಿಯೊಬ್ಬಳೇ. ತಿಥಿಯ ದಿನ ತಾನು 'ಬರ್ತೀನಿ' ಎಂದೇ ಹೇಳುವುದು, ಹೋದ ಸಲದಂತೆ ಅವಸರದಿಂದ ಹೊರಡದೆ, ಒಳಗಿಂದ ಉತ್ತರ ಬರುವವರೆಗೂ ಹೊಸ್ತಿಲ ಬಳಿ ನಿಲ್ಲುವುದು ಎಂದು ಶಶಿರೇಖಾ ನಿಶ್ಚಯಿಸಿದಳು. ಯಾರಿಗೂ ಹೇಳಲಿಲ್ಲ.