ಹನ್ನೊಂದನೆಯ ಹಾಳೆ

ಮೈಸೂರಿನಿಂದ ಕೋಟೆಯ ಕಡೆ ಹೋಗುವ ಕೊನೆಯ ಬಸ್ಸು ನಂಜುಂಡಸ್ವಾಮಿಯನ್ನು ಹಂಪಾಪುರದಲ್ಲಿ ಇಳಿಸಿ ಹೋದಾಗ ಹತ್ತೂವರೆ ದಾಟಿತ್ತು. ತೊಂಬತ್ತೆಂಟನೆಯ ಇಸವಿ, ಅಮಾವಾಸ್ಯೆಗೆ ಎರಡು ದಿನ. ಹೊಲದ ಮನೆಗೆ ಮುಕ್ಕಾಲು ಮೈಲಿ. ನಡುವೆ ಹಾಳುಬಾವಿ. ಅವನು ನಮ್ಮ ದೊಡ್ಡಮ್ಮನ ಮಗ. ದೆವ್ವದ ಮಾತೆತ್ತಿದರೆ ಎದ್ದು ಹೋಗುವ ಆಸಾಮಿ. ಅದಕ್ಕೇ ಅವನು ಹೇಳಿದ್ದನ್ನು ನಾನು ನಂಬಿದ್ದು.

ಅವನದು ಆಡಿಟರ್ ಕೆಲಸ. ಮೈಸೂರಿನ ಒಂದು ಕಾರ್ಖಾನೆಯಲ್ಲಿ ಕೋಣೆ ತುಂಬುವಷ್ಟು ದೊಡ್ಡ ಮೇನ್‌ಫ್ರೇಮ್ ಕಂಪ್ಯೂಟರ್ ಇತ್ತು. ಅದನ್ನು ಸರಿಯಾಗಿ ನೋಡಿಕೊಳ್ಳುತ್ತಿದ್ದಾರೋ ಇಲ್ಲವೋ ಎಂದು ಪರೀಕ್ಷಿಸಲು ಹೋಗಿದ್ದ. ಸಾಫ್ಟ್‌ವೇರಿನಲ್ಲಿ ಗೊತ್ತಾದ ತಪ್ಪುಗಳಿಗೆ ತಯಾರಕರು ತಿಂಗಳು ತಿಂಗಳೂ ಟೇಪಿನಲ್ಲಿ ಪ್ಯಾಚ್, ಅಂದರೆ ತಿದ್ದುಪಡಿ, ಕಳಿಸುತ್ತಿದ್ದರು. ಅವುಗಳಲ್ಲಿ ಹನ್ನೊಂದನ್ನು, ಯಂತ್ರ ನೋಡಿಕೊಳ್ಳುತ್ತಿದ್ದ ಮುದ್ದಯ್ಯ ಹಾಕಿರಲಿಲ್ಲ.

“ಬಂದಿದ್ದನ್ನೆಲ್ಲ ಹಾಕಕ್ಕಾಗಲ್ಲ ಸ್ವಾಮಿ. ಕೆಲವು ಹಾಕಿದ್ರೆ ನಮ್ಮ ಕೆಲ್ಸನೇ ನಿಂತೋಯ್ತದೆ. ಯಾವ್ದು ಯಾಕೆ ಹಾಕ್ಲಿಲ್ಲ ಅಂತ ಒಂದೊಂದಕ್ಕೂ ಒಂದೊಂದು ಹಾಳೆ ಬರೆದು ಮಡಗಿವ್ನಿ. ಓದಿ.”

“ಹಾಕಿದ್ದೀರಾ, ಇಲ್ಲವಾ? ಫಾರಂನಲ್ಲಿ ಅಷ್ಟಕ್ಕೇ ಜಾಗ.”

ನಂಜುಂಡಸ್ವಾಮಿ ಹಾಳೆ ಎಣಿಸಿದ. ಹತ್ತೇ ಇದ್ದವು. ಓದಲಿಲ್ಲ. ‘ಹನ್ನೊಂದು ಹಾಕಿಲ್ಲ, ಒಂದಕ್ಕೆ ಕಾರಣವೂ ಇಲ್ಲ, ಬೇಜವಾಬ್ದಾರಿ’ ಎಂದು ವರದಿ ಬರೆದ. ಮುದ್ದಯ್ಯನನ್ನು ಸಸ್ಪೆಂಡ್ ಮಾಡಿದರು. ಹನ್ನೊಂದನ್ನೂ ಹಾಕಿಸಿದರು. ಯಂತ್ರ ಮೂರು ದಿನ ಕೆಟ್ಟು ನಿಂತಿತು. ನಾಲ್ಕನೆಯ ದಿನ, ಎದೆನೋವೆಂದು ಮಲಗಿದ ಮುದ್ದಯ್ಯ ಏಳಲಿಲ್ಲ.

ನಂಜುಂಡಸ್ವಾಮಿ ಊರಿನ ಬಸ್ಸು ಹತ್ತಿದ ಆ ಸಂಜೆಯಷ್ಟೇ ಮುದ್ದಯ್ಯನ ಹೆಂಡತಿ ಸರ್ವಮಂಗಳ ಆಡಿಟರ್ ಆಫೀಸಿಗೆ ಬಂದಿದ್ದಳು. “ನಾಡಿದ್ದು ತಿಥಿ. ಎಡೆ ಇಕ್ಕೋಕ್ ಮುಂಚೆ ಬೇಜವಾಬ್ದಾರಿ ಅನ್ನೋ ಆ ಒಂದು ಮಾತು ಹೊಡೆದಾಕಿ ಸ್ವಾಮಿ. ಇಪ್ಪತ್ತು ವರ್ಷ ಆ ಮಿಷನ್ನ ಮಗೀನಂಗೆ ಸಾಕವ್ರೆ.”

“ಬರೆದದ್ದು ಬರೆದದ್ದು ಕಣಮ್ಮ,” ಎಂದ ಇವನು. ಆದರೂ ಹತ್ತು ಹಾಳೆಗಳನ್ನು ಬ್ಯಾಗಿನಲ್ಲಿಟ್ಟು ಬೀಗ ಹಾಕಿ ತಂದಿದ್ದ. ಯಾಕೋ...

ಬಾವಿ ಬಂತು. ಅದರ ಅರ್ಧ ಬಾಯಿಗೆ ಹಾಸಿದ ಕಲ್ಲುಚಪ್ಪಡಿಯ ಮೇಲೇ ಕಾಲುದಾರಿ. ಟಾರ್ಚ್ ಬೆಳಕು ಬಿಟ್ಟ. ಚಪ್ಪಡಿಗೆ ಅಡ್ಡಲಾಗಿ ಯಾರೋ ಜಾಲಿಮುಳ್ಳು ಎಳೆದಿದ್ದರು. ನಡೆಯುವ ದಾರಿಗೆ ಮುಳ್ಳು. ಬೇಜವಾಬ್ದಾರಿ ಜನ ಎಂದು ಗೊಣಗಿ, ಎತ್ತಿ ಎಸೆಯಲು ಬಗ್ಗಿದ.

ಸರ್ರ್... ಟಕ್.

ಸರ್ರ್... ಟಕ್.

ಟೇಪು ಸುತ್ತಿ ಸುತ್ತಿ ನಿಲ್ಲುವ ಸದ್ದು. ಆ ಕಂಪ್ಯೂಟರಿನ ಕೋಣೆಯಲ್ಲಿ ಕೇಳಿದ್ದ ಸದ್ದು. ಈಗ ಬಾವಿಯೊಳಗಿಂದ...

ಕಿವಿಯ ಪಕ್ಕದಲ್ಲೇ ಪಿಸುದನಿ. “ತೆಗೀಬೇಡಿ ಸ್ವಾಮಿ.”

“ಯಾರು?”

“ಯಾಕೆ ಮಡಗವ್ರೆ ಅಂತ... ಕೇಳಿದ್ರಾ?”

ಸುತ್ತಲೂ ಟಾರ್ಚ್ ತಿರುಗಿಸಿದ, ಯಾರೂ ಇಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಒಂದು ದಿಂಡುಗಲ್ಲನ್ನೆತ್ತಿ ಮುಳ್ಳಿನಾಚೆ ಚಪ್ಪಡಿಯ ಮೇಲೆ ಎಸೆದ. ಕಿರ್ರೆಂದು ಚಪ್ಪಡಿ ವಾಲಿ ಕಲ್ಲು ಜಾರಿತು. ತುಸು ಹೊತ್ತು ಏನೂ ಇಲ್ಲ... ಆಮೇಲೆ ಆಳದ ನೀರಿನಲ್ಲಿ, ಧೊಪ್.

ಹೊಲದೊಳಗೆ ಸುತ್ತಿಕೊಂಡು ಮನೆ ಸೇರಿದ. ನಿದ್ದೆ ಹತ್ತಲಿಲ್ಲ.

ಬೆಳಗ್ಗೆ ಪಕ್ಕದ ಹೊಲದ ಚಲುವರಾಜು ಸಿಕ್ಕ. ಇವನು ಮುಳ್ಳಿನ ಮಾತೆತ್ತಿದ. “ನಾನೇ ಹಾಕಿದ್ದು ಸ್ವಾಮಣ್ಣ, ನಿನ್ನೆ ಹೊತ್ತು ಮುಳುಗೋವಾಗ. ಚಪ್ಪಡಿ ಅಳ್ಳಾಡ್ತಿತ್ತು. ಮುಳ್ಳು ಬಿದ್ದದೆ ಅಂದ್ರೆ ಏನೋ ಅದೆ ಅಂತ ದನ ಕಾಯೋರ್ಗೂ ತಿಳೀತದೆ. ಓದಿದೋರು, ನೀವು ಕಿತ್ತಾಕಕ್ಕೋಗಿದ್ರಾ?”

ನಂಜುಂಡಸ್ವಾಮಿ ಒಳಗೆ ಬಂದು ಬ್ಯಾಗಿನ ಬೀಗ ತೆಗೆದು, ಹಾಳೆಗಳನ್ನು ಮೊದಲ ಸಲ ಓದಿದ. ಒಂದೊಂದು ಕಾರಣವೂ ಸರಿಯಿತ್ತು. ಅಂದೇ ಮೈಸೂರಿಗೆ ಹೋಗಿ, ವರದಿಯಲ್ಲಿ ಆ ಮಾತು ಹೊಡೆದು ಸಹಿ ಹಾಕಿದ. ತಪ್ಪು ನನ್ನದು ಎಂದು ಕೆಳಗೆ ಬರೆದ. ಮಾರನೆಯ ದಿನ ಎಡೆ ಇಡುವ ಮುಂಚೆ ಅದರ ಪ್ರತಿ ಸರ್ವಮಂಗಳಳ ಕೈಯಲ್ಲಿತ್ತು.

ಒಂದು ಒಗಟು ಉಳಿಯಿತು. ಬೀಗ ಹಾಕಿದ್ದ ಬ್ಯಾಗಿನಲ್ಲಿ ಅಂದು ಬೆಳಗ್ಗೆ ಹಾಳೆಗಳು ಹನ್ನೊಂದಿದ್ದವು. ಹನ್ನೊಂದೂ ಮುದ್ದಯ್ಯನ ಕೈಬರಹ. ಈಗಲೂ ನಂಜುಂಡಸ್ವಾಮಿಯ ಬೀರುವಿನಲ್ಲಿವೆ. ಹೋದ ಯುಗಾದಿಗೆ ಹೋದಾಗ ನಾನೇ ಮುಟ್ಟಿ ನೋಡಿದೆ. ಹತ್ತು ಹಾಳೆ ಹಪ್ಪಳದಂತೆ ಒಣಗಿವೆ.

ಹನ್ನೊಂದನೆಯದು ಇನ್ನೂ ಒದ್ದೆ.