ಪೂಜೆ ಮುಗಿದ ಮೇಲೆ ನಿಂತ ನೆಟ್

ನನ್ನ ಹೆಸರು ಇಳಂಗೋವನ್, ತಂದೆ ಮಾರಪ್ಪನ್, ವಯಸ್ಸು 41 ವರ್ಷ, ಕಂಪ್ಯೂಟರ್ ಮತ್ತು ನೆಟ್ ರಿಪೇರಿ ಕೆಲಸ, ವಾಸ ಪರಮತ್ತಿ ರಸ್ತೆ, ನಾಮಕ್ಕಲ್. ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ಈ ದಿನ ಬೆಳಿಗ್ಗೆ 9-20ಕ್ಕೆ ಲಾರಿ ಬುಕಿಂಗ್ ಆಫೀಸಿನ ಮಾಲೀಕ ನಲ್ಲಸಿವಂ ಅವರು ಫೋನ್ ಮಾಡಿ, ನೆಟ್ ಇಲ್ಲದೆ ಬಿಲ್ ಬರುತ್ತಿಲ್ಲ, ಕೇರಳಕ್ಕೆ ಹೊರಟ ಐದು ಮೊಟ್ಟೆ ಲಾರಿಗಳು ನಿಂತಿವೆ ಎಂದರು. ನಾನು 9-45ಕ್ಕೆ ತಲುಪಿದೆನು. ಬಿಲ್ ತೆಗೆಯುವ ಕಯಲ್‌ವಿಳಿ, ವಯಸ್ಸು 24, ಬಾಗಿಲಿನಿಂದ ಹತ್ತು ಅಡಿ ದೂರ ಬಿಸಿಲಲ್ಲಿ ನಿಂತಿದ್ದಳು. "ಶುಕ್ರವಾರ ಆಯುಧ ಪೂಜೆ ದಿನ ಹೊರಗಾಗಿದ್ಕೊಂಡು ಕಂಪ್ಯೂಟರ್ ಮುಂದೆ ಕೂತಿದ್ಳು ತಂಬಿ. ಅವತ್ತೇ ನೆಟ್ ಸತ್ತೋಯ್ತು. ಕೆಲ್ಸಕ್ಕೆ ಬರ್ಬೇಡ ಅಂದಿದೀನಿ" ಎಂದು ನಲ್ಲಸಿವಂ ಎಲ್ಲರಿಗೂ ಕೇಳುವಂತೆ ಹೇಳಿದರು. ಅಂದು ಬಿಲ್ ತೆಗೆಯಲು ಕರೆಸಿದವರು ಅವರೇ ಎಂದು ಆಕೆ ತಿಳಿಸಿದಳು. ಐವರು ಡ್ರೈವರುಗಳು ಕೇಳುತ್ತ ನಿಂತಿದ್ದರು. ಹೆಣ್ಣುಮಗಳ ವಿಷಯವನ್ನು ಹೀಗೆ ಬೀದಿಯಲ್ಲಿ ಸಾರಿದ್ದು ನನಗೆ ಅಸಹ್ಯವೆನಿಸಿತು.

ಮೋಡೆಮ್‌ನ ತಂತಿಯನ್ನು ನೇರವಾಗಿ ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಲಾಗಿ ನೆಟ್ ಬಂತು. ಆದ್ದರಿಂದ ದೋಷ ಹೊರಗಿನದಲ್ಲ. ಆಫೀಸಿನ ಕಂಪ್ಯೂಟರುಗಳ ತಂತಿಗಳೆಲ್ಲ ಬಂದು ಸೇರುವ ಎಂಟು ಕಂಡಿಯ ಪೆಟ್ಟಿಗೆಯಲ್ಲಿ ದೀಪಗಳು ಹುಚ್ಚು ಹಿಡಿದಂತೆ ಮಿನುಗುತ್ತಿದ್ದವು. ಪೆಟ್ಟಿಗೆಯ ಮೇಲೆ ಗಂಧ, ಕುಂಕುಮ ಇತ್ತು. ಒಂದೂವರೆ ಅಡಿಯ ಒಂದು ತಂತಿಯ ಎರಡೂ ತುದಿಗಳನ್ನು ಅದೇ ಪೆಟ್ಟಿಗೆಗೆ ಸಿಕ್ಕಿಸಲಾಗಿತ್ತು. ಹಾಗೆ ಮಾಡಿದರೆ ಒಳಗೆ ಹೋದದ್ದೇ ಸುತ್ತಿ ಸುತ್ತಿ ಎಲ್ಲರ ನೆಟ್ ಕಟ್ಟಿಕೊಳ್ಳುತ್ತದೆ. ಯಾರು ಸಿಕ್ಕಿಸಿದ್ದೆಂದು ಕೇಳಿದೆನು. ಪೂಜೆಗೆ ಎಲ್ಲ ತಂತಿ ಬಿಚ್ಚಿ ಒರೆಸಿ ತಾವೇ ಕೈಯಾರೆ ಸಿಕ್ಕಿಸಿದ್ದಾಗಿ, ಹಬ್ಬದ ದಿನ ಒಂದು ತುದಿ ಜೋತಾಡುವುದು ಶುಭವಲ್ಲವೆಂದು ಅದಕ್ಕೂ ಜಾಗ ಮಾಡಿದ್ದಾಗಿ ನಲ್ಲಸಿವಂ ಹೆಮ್ಮೆಯಿಂದಲೇ ತಿಳಿಸಿದರು.

ನೆಟ್ ನಿಂತದ್ದು ಅದರಿಂದಲೇ ಎಂದು ನಾನು ವಿವರಿಸಿದೆನು. ಅವರು ದನಿ ತಗ್ಗಿಸಿ, "ಅವಳಿಂದಲೇ ಅಂತ ಎಲ್ರಿಗೂ ಹೇಳಿಯಾಗಿದೆ. ನೀನು ಬಾಯ್ಮುಚ್ಕೊಂಡು ಸರಿಮಾಡು" ಎಂದರು. ನಾನು ಬಾಯಿ ಮುಚ್ಚಲಿಲ್ಲ. 10-35ಕ್ಕೆ ಕಯಲ್‌ವಿಳಿಯನ್ನು ಒಳಗೆ ಕರೆದು, ಡ್ರೈವರುಗಳ ಮುಂದೆಯೇ ಆ ತಂತಿಯನ್ನು ಎಳೆಯಲು ಹೇಳಿದೆನು. ಆಕೆ ಹಿಂಜರಿದಾಗ ಡ್ರೈವರ್ ಚೆನ್ನಿಮಲೈ, "ಎಳಿಯಮ್ಮಾ, ಮೊಟ್ಟೆ ಲಾರೀಲೇ ಬೇಯ್ತಾ ಇದೆ" ಎಂದನು. ಆಕೆ ಎಳೆದಳು. ಹತ್ತು ಸೆಕೆಂಡಿನಲ್ಲಿ ನೆಟ್ ಬಂತು. ಆಕೆ ತನ್ನ ಕುರ್ಚಿಯಲ್ಲಿ ಕುಳಿತು ಎರಡು ಬಿಲ್ ತೆಗೆದಳು.

ಮೂರನೆಯದನ್ನು ತೆಗೆಯುತ್ತಿರುವಾಗ ನಲ್ಲಸಿವಂ ಒಂದು ಚೊಂಬು ಗಂಜಲ ತಂದು, ಶುದ್ಧಿಯಾಗಬೇಕೆಂದು ಪೆಟ್ಟಿಗೆಯ ಮೇಲೆ ಸುರಿದರು. ಚಟ್ಟೆಂದು ದೀಪಗಳೆಲ್ಲ ಆರಿದವು. ಕೂಡಲೇ ಅವರು ಕಯಲ್‌ವಿಳಿಯನ್ನು ಕುರ್ಚಿಯಿಂದ ಎಬ್ಬಿಸಿ ಮತ್ತೆ ಹೊರಗೆ ಕಳಿಸಿದರು. ನಾನೂ ಆಕೆಯೂ ಸೇರಿ ಪೆಟ್ಟಿಗೆ ಸುಟ್ಟೆವೆಂದು ಅವರು ಆಮೇಲೆ ಠಾಣೆಗೆ ದೂರು ಕೊಟ್ಟಿರುವುದು ಸುಳ್ಳು. ಅದಕ್ಕೂ ಮೊದಲು ಅಲ್ಲೇ, ಹೊಸ ಪೆಟ್ಟಿಗೆ ಹಾಕಿಕೊಡೆಂದು ನನ್ನನ್ನೇ ಕೇಳಿದ್ದರು. ಅವರ ಮುಖ ನೋಡಲೂ ನನಗೆ ಹೇಸಿಗೆಯಾಯಿತು. ಕಯಲ್‌ವಿಳಿಯನ್ನು ಮತ್ತೆ ಆ ಕುರ್ಚಿಯಲ್ಲಿ ಕೂರಿಸುವ ತನಕ ಕೈ ಹಚ್ಚುವುದಿಲ್ಲವೆಂದು ಹೇಳಿ ಬಂದಿದ್ದೇನೆ. ಮೂರು ಲಾರಿಗಳು ಇನ್ನೂ ಅಲ್ಲೇ ನಿಂತಿವೆ.

ಇದಿಷ್ಟೂ ನಾನು ಕಣ್ಣಾರೆ ಕಂಡದ್ದು. ಓದಿಸಿ ಕೇಳಿ, ಸರಿಯಿದೆಯೆಂದು ಒಪ್ಪಿ ರುಜು ಮಾಡಿರುತ್ತೇನೆ.

ಸ್ಥಳ: ನಾಮಕ್ಕಲ್
ದಿನಾಂಕ: 14-10-2024, ಮಧ್ಯಾಹ್ನ 1-10
(ಸಹಿ) ಮಾ. ಇಳಂಗೋವನ್